ಬಸ್ಸಿಗೂ ಮಳೆಗೂ ಒಗ್ಗುವ ಇಯರ್‌ಫೋನ್: ಕಡಿಮೆ ದುಡ್ಡಿನಲ್ಲಿ ಆರಿಸಿಕೊಳ್ಳುವ ಬಗೆ

ಶಿವಮೊಗ್ಗದಿಂದ ಸಾಗರಕ್ಕೆ ಹೆಚ್ಚೂಕಮ್ಮಿ 70 ಕಿಲೋಮೀಟರ್. ಬಸ್ಸಿನಲ್ಲಿ ಎರಡು ಗಂಟೆ. ಕೆಲಸದ ಸಲುವಾಗಿ ಈ ದಾರಿಯಲ್ಲಿ ನಾನು ಆರು ವರ್ಷ ಓಡಾಡಿದ್ದೇನೆ. ಆಯನೂರು, ಕುಂಸಿ, ಚೋರಡಿ, ಆನಂದಪುರ. ಕಂಡಕ್ಟರ್ ಕೂಗದಿದ್ದರೂ ಯಾವ ಊರು ಬಂತು ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತೇನೆ. ಈ ಆರು ವರ್ಷದಲ್ಲಿ ಒಂಬತ್ತು ಇಯರ್‌ಫೋನ್ ಕೊಂಡಿದ್ದೇನೆ. ಅದರಲ್ಲಿ ಐದಕ್ಕೆ ಹಾಕಿದ್ದು ಸುಮ್ನೆ ದಂಡ.

ಒಂದು, ಬಸ್ ಹೊರಡುವ ಗಡಿಬಿಡಿಯಲ್ಲಿ ಕಿಟಕಿಯ ಹತ್ತಿರ ಬಂದವನಿಂದ 150 ರೂಪಾಯಿಗೆ ಕೊಂಡದ್ದು. ಆನಂದಪುರ ಬರುವಷ್ಟರಲ್ಲಿ ಒಂದು ಕಡೆ ಸೌಂಡ್ ಹೋಯಿತು. ಕುತ್ತಿಗೆಗೆ ಹಾಕಿಕೊಳ್ಳುವ ಒಂದು ಬ್ಲೂಟೂತ್ ನೆಕ್‌ಬ್ಯಾಂಡ್ ಆರಿದ್ರಾ ಮಳೆಗೆ ಸಿಕ್ಕಿ ಸತ್ತಿತು. ವೈರೇ ಇಲ್ಲದ ಒಂದು ಬಡ್ ಆಗುಂಬೆ ಘಾಟಿಯಲ್ಲಿ ಕಿಟಕಿಯಿಂದ ಹೊರಗೆ ಹಾರಿತು. ಹದಿನಾಲ್ಕು ತಿರುವಿನಲ್ಲಿ ಯಾವುದರಲ್ಲಿ ಬಿತ್ತು ಅಂತ ಹುಡುಕೋದು? ಉಳಿದ ಎರಡು ಕೆಟ್ಟಿರಲಿಲ್ಲ. ನನ್ನ ಕಿವಿಗೆ ಕೂರುತ್ತಿರಲಿಲ್ಲ, ಅಷ್ಟೇ.

ಹೋದ ವರ್ಷ ಅಕ್ಕನ ಮಗ ಬೆಂಗಳೂರಿನಲ್ಲಿ ಕಾಲೇಜು ಸೇರಿದ. ಫೋನ್ ಮಾಡಿ, “ಮಾವ, ಎರಡು ಸಾವಿರ ಇದೆ. ಯಾವ ಇಯರ್‌ಫೋನ್ ತಗೊಳ್ಳಲಿ? ಹೆಸರು ಹೇಳಿ ಸಾಕು” ಅಂದ. “ನಿನ್ನ ಕಿವಿ ಎಂಥದ್ದು ಮಾರಾಯ?” ಅಂತ ಕೇಳಿದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ಅವನಿಗೆ ಆಮೇಲೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹಂತ 1: ಒಂದು ವಾರ ಏನು ಕೇಳುತ್ತೀರಿ, ಎಲ್ಲಿ ಕೇಳುತ್ತೀರಿ ನೋಡಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ಇಯರ್‌ಫೋನ್ ಯಾವಾಗೆಲ್ಲ ಬೇಕಾಯಿತು ಅಂತ ಒಂದು ವಾರ ಗುರುತು ಹಾಕಿ. ಬಸ್ಸಿನಲ್ಲಾ, ರೈಲಿನಲ್ಲಾ, ಅಡುಗೆಮನೆಯಲ್ಲಾ, ಅಡಿಕೆ ಸುಲಿಯುತ್ತ ಕೂತಾಗಲಾ? ಕೇಳಿದ್ದು ಹಾಡಾ, ಯಕ್ಷಗಾನವಾ, ಬರೀ ಫೋನ್ ಮಾತಾ?

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಾವು ಅಂದುಕೊಂಡಿರುವುದು ಒಂದು, ಮಾಡುವುದು ಇನ್ನೊಂದು. ನಾನು ಹಾಡಿಗೆ ಅಂತ ಇಯರ್‌ಫೋನ್ ಕೊಳ್ಳುತ್ತಿದ್ದೆ. ಚೀಟಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಫೋನಿನಲ್ಲಿ ಮಾತಾಡಿದ್ದೆ. ಅತ್ತಿಗೆಯ ಲೆಕ್ಕ ಬೇರೆ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೂ ಸುಲಿಯುತ್ತ ಕೂರುತ್ತಾರೆ. ಅವರಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಫೋನ್ ಬೇಡವೇ ಬೇಡ. ಪಕ್ಕದವರ ಮಾತೂ ಕೇಳಬೇಕು, ಒಳಗೆ ಹಾಲು ಉಕ್ಕಿದರೆ ಅದೂ ಗೊತ್ತಾಗಬೇಕು. ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ, ರಬ್ಬರ್ ಇಲ್ಲದ ಹಳೇ ನಮೂನೆಯದೇ ಅವರಿಗೆ ಸರಿ. ಬಸ್ಸಿನವನಾದ ನನಗೆ ಅದನ್ನು ಬಿಟ್ಟಿ ಕೊಟ್ಟರೂ ಬೇಡ.

ಹಂತ 2: ಫೋನನ್ನು ತಿರುಗಿಸಿ ನೋಡಿ

ಫೋನಿನಲ್ಲಿ 3.5 ಮಿಲಿಮೀಟರಿನ ದುಂಡು ತೂತು ಇದೆಯಾ? ಇದ್ದರೆ ನೀವು ಅದೃಷ್ಟವಂತರು. ಐಫೋನ್ 2016ರಲ್ಲಿ ಅದನ್ನು ತೆಗೆದುಹಾಕಿತು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೂ ಸಿಗುತ್ತದೆ.

ತೂತು ಇಲ್ಲದಿದ್ದರೆ ವೈರ್ ಇಯರ್‌ಫೋನಿಗೆ, ಚಾರ್ಜಿಂಗ್ ತೂತಿಗೆ ಚುಚ್ಚುವ ಟೈಪ್-ಸಿ ಕನೆಕ್ಟರ್ ಬೇಕು. ಇಲ್ಲಿ ಜನ ಮೋಸ ಹೋಗುವುದು ಜಾಸ್ತಿ. ನೋಡಲು ಒಂದೇ ಥರ ಇರುವ ಈ ಕನೆಕ್ಟರುಗಳಲ್ಲಿ ಎರಡು ಜಾತಿ ಇವೆ. ಒಂದು ಬರೀ ವೈರು. ನೂರು, ನೂರೈವತ್ತು ರೂಪಾಯಿಗೆ ಸಿಗುತ್ತದೆ. ಫೋನ್ ತಾನೇ ಸೌಂಡ್ ತಯಾರು ಮಾಡಿ ಚಾರ್ಜಿಂಗ್ ತೂತಿನಿಂದ ಹೊರಗೆ ಕಳಿಸುವಂತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಡಿಎಸಿ ಅನ್ನುವ ಸಣ್ಣ ಚಿಪ್ ಇರುತ್ತದೆ. ಫೋನಿನಿಂದ ಬರುವ ಅಂಕಿಗಳನ್ನು ಸೌಂಡ್ ಮಾಡಿ ಕೊಡುವುದೇ ಅದರ ಕೆಲಸ. ಇದಕ್ಕೆ ಐನೂರರಿಂದ ಸಾವಿರದವರೆಗೆ ಆಗುತ್ತದೆ. ಸ್ಯಾಮ್‌ಸಂಗ್, ಪಿಕ್ಸೆಲ್‌ನಂಥ ಫೋನುಗಳಿಗೆ ಈ ಚಿಪ್ ಇರುವುದೇ ಬೇಕು. ನೂರು ರೂಪಾಯಿಯದನ್ನು ತಂದು ಚುಚ್ಚಿದರೆ ಸೌಂಡೇ ಬರುವುದಿಲ್ಲ. ಜನ ಇಯರ್‌ಫೋನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಆದ್ದರಿಂದ ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ಕೇಳಿ, ಆಮೇಲೆ ದುಡ್ಡು ಕೊಡಿ.

ಎಫ್‌ಎಂ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಎಫ್‌ಎಂ ರೇಡಿಯೋ ಕೇಳಲು ವೈರ್ ಇಯರ್‌ಫೋನ್ ಬೇಕು, ಯಾಕೆಂದರೆ ಆ ವೈರೇ ಆಂಟೆನಾ. ಬ್ಲೂಟೂತಿನದು ಆ ಕೆಲಸಕ್ಕೆ ಬರುವುದಿಲ್ಲ. ಎಫ್‌ಎಂ ಸೌಲಭ್ಯವನ್ನು ಫೋನಿನಲ್ಲಿ ಮುಚ್ಚಿಡಬೇಡಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಮೊಬೈಲ್ ಕಂಪನಿಗಳಿಗೆ ಸೂಚನೆಯನ್ನೂ ಕೊಟ್ಟಿತ್ತು. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. ಜಡಿಮಳೆಗೆ ಕರೆಂಟ್ ಹೋಗಿ, ಹಿಂದೆಯೇ ಟವರ್ ಹೋಗಿ, ನೆಟ್ ಇಲ್ಲದೆ ಕೂತ ದಿನ ಭದ್ರಾವತಿ ಆಕಾಶವಾಣಿಯೇ ಗತಿ. ಗುಡ್ಡದ ಸಂದಿಯ ಊರುಗಳಿಗೆ ಅದೂ ಸರಿಯಾಗಿ ಸಿಗುವುದಿಲ್ಲ, ಒಪ್ಪುತ್ತೇನೆ. ಸಿಗುವ ಕಡೆಯಾದರೂ ಸಿಗಲಿ ಅಲ್ವಾ?

ಹಂತ 3: ವೈರಾ, ನೆಕ್‌ಬ್ಯಾಂಡಾ, ಬಡ್ಸಾ?

ನನ್ನ ಪಕ್ಷಪಾತ ಮೊದಲೇ ಹೇಳುತ್ತೇನೆ. ಎರಡು ಸಾವಿರದ ಒಳಗೆ ಒಳ್ಳೆ ಸೌಂಡ್ ಬೇಕು ಅಂದರೆ ವೈರಿನದೇ. ಕಾರಣ ಸೀದಾ ಇದೆ. ವೈರ್ ಇಯರ್‌ಫೋನಿನಲ್ಲಿ ನೀವು ಕೊಟ್ಟ ದುಡ್ಡು ಸೌಂಡ್ ಹೊರಡಿಸುವ ಭಾಗಕ್ಕೆ ಮತ್ತು ವೈರಿಗೆ ಹೋಗುತ್ತದೆ. ಬಡ್ಸಿನಲ್ಲಿ ಅದೇ ದುಡ್ಡು ಎರಡು ಬ್ಯಾಟರಿ, ಬ್ಲೂಟೂತ್ ಚಿಪ್, ಮೈಕು, ಡಬ್ಬಿ, ಡಬ್ಬಿಗೊಂದು ಬ್ಯಾಟರಿ ಅಂತ ಹಂಚಿಹೋಗುತ್ತದೆ. ಇನ್ನೂ ಒಂದು ಮಾತು. ಬಡ್ಸಿನ ಪುಟ್ಟ ಬ್ಯಾಟರಿ ದಿನಾ ಬಳಸಿದರೆ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಬದಲಾಯಿಸಲು ಬರುವುದಿಲ್ಲ. ವೈರಿನದಕ್ಕೆ ಆ ಕಾಟ ಇಲ್ಲ.

ವೈರಿನ ಕಾಟ ಬೇರೆ ಇದೆ. ಅದು ಎರಡು ಜಾಗದಲ್ಲಿ ಸಾಯುತ್ತದೆ. ಒಂದು ಪಿನ್ನಿನ ಕುತ್ತಿಗೆ, ಇನ್ನೊಂದು ವೈರ್ ಎರಡಾಗಿ ಒಡೆಯುವ ಕವಲು. ಪಿನ್ ನೆಟ್ಟಗೆ ಇರುವುದಕ್ಕಿಂತ ಎಲ್ ಆಕಾರದಲ್ಲಿ ಬಗ್ಗಿರುವುದು ಜೇಬಿಗೆ ಒಳ್ಳೆಯದು. ಇನ್ನೂ ಒಳ್ಳೆಯದು ವೈರ್ ಬಿಚ್ಚಿ ಬರುವಂಥದ್ದು. 0.78 ಮಿಲಿಮೀಟರಿನ ಎರಡು ಪಿನ್ ಇರುವ ವೈರು ಬೇರೆ ಬೇರೆ ಕಂಪನಿಯದಾದರೂ ಒಂದಕ್ಕೊಂದು ಕೂರುವುದು ಜಾಸ್ತಿ. ವೈರ್ ಹೋದರೆ ನಾಲ್ಕೈದು ನೂರು ಕೊಟ್ಟು ವೈರ್ ಮಾತ್ರ ತಂದರಾಯಿತು.

ನೆಕ್‌ಬ್ಯಾಂಡ್ ಬಗ್ಗೆ ಪೇಟೆಯ ಹುಡುಗರಿಗೆ ಈಗ ಒಂಥರಾ ತಾತ್ಸಾರ. ನನಗಿಲ್ಲ. ದಿನವಿಡೀ ಫೋನಿನಲ್ಲಿ ಮಾತಾಡುವವರಿಗೆ, ತೋಟದಲ್ಲಿ ಬಗ್ಗಿ ಎದ್ದು ಕೆಲಸ ಮಾಡುವವರಿಗೆ ಅದಕ್ಕಿಂತ ಅನುಕೂಲದ್ದು ಇಲ್ಲ. ಕಿವಿಯಿಂದ ಜಾರಿದರೂ ಕುತ್ತಿಗೆಯಲ್ಲೇ ಇರುತ್ತದೆ. ಅಡಿಕೆ ತೋಟದ ಸೊಪ್ಪು ಸದೆಯಲ್ಲಿ ಬಿದ್ದ ಬಡ್ ಹುಡುಕಿ ನೋಡಿದವರಿಗೆ ಇದರ ಬೆಲೆ ಗೊತ್ತು. ಬ್ಯಾಟರಿಯೂ ದೊಡ್ಡದು. ಒಂದು ಚಾರ್ಜಿಗೆ ಇಪ್ಪತ್ತು ಗಂಟೆ ದಾಟುವಂಥವು ಬೇಕಾದಷ್ಟಿವೆ.

ಬಡ್ಸ್ ಯಾರಿಗೆ? ವೈರ್ ತೊಡಕಿಕೊಳ್ಳುವುದನ್ನು ಸಹಿಸದವರಿಗೆ. ನಡೆಯುವವರಿಗೆ. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುವವರಿಗೆ. ಡಬ್ಬಿಗೆ ಹಾಕಿಡುವ ಶಿಸ್ತು ಇದ್ದವರಿಗೆ. ನನಗೆ ಆ ಶಿಸ್ತು ಇಲ್ಲ.

ಹಂತ 4: ಕಿವಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಉಳಿದ ಎಲ್ಲ ಹಂತ ಸೇರಿದರೂ ಇದೊಂದಕ್ಕೆ ಸಮ ಆಗುವುದಿಲ್ಲ.

ಮಿಡಿ ಉಪ್ಪಿನಕಾಯಿಯ ಭರಣಿ ನೆನಪಿಸಿಕೊಳ್ಳಿ. ಮಿಡಿ ಎಷ್ಟೇ ಒಳ್ಳೆ ಜಾತಿಯದಿರಲಿ, ಬಾಯಿ ಸರಿಯಾಗಿ ಮುಚ್ಚದಿದ್ದರೆ ಹಾಳು. ಕಿವಿಯ ಒಳಗೆ ಕೂರುವ ಇಯರ್‌ಫೋನೂ ಹಾಗೇ. ತುದಿಯ ರಬ್ಬರ್ ಬುಶ್ ಕಿವಿಯ ನಾಳವನ್ನು ಸುತ್ತ ಮುಚ್ಚಬೇಕು. ಒಂದು ಕೂದಲೆಳೆ ಸಂದಿ ಉಳಿದರೂ ಮೊದಲು ಸೋರಿಹೋಗುವುದು ಬೇಸ್, ಅಂದರೆ ತಗ್ಗಿನ ಸ್ವರ. ಹಾಡು ತೆಳ್ಳಗೆ, ತಗಡು ಬಡಿದ ಹಾಗೆ ಕೇಳುತ್ತದೆ. ಆಗ ನಾವು “ಈ ಇಯರ್‌ಫೋನಲ್ಲಿ ಬೇಸೇ ಇಲ್ಲ” ಅನ್ನುತ್ತೇವೆ. ಅದೇ ಸಂದಿಯಿಂದ ಬಸ್ಸಿನ ಗದ್ದಲ ಒಳಗೆ ನುಗ್ಗುತ್ತದೆ. ಗದ್ದಲ ಮೀರಿಸಲು ಸೌಂಡ್ ಜಾಸ್ತಿ ಮಾಡುತ್ತೇವೆ. ಸೌಂಡ್ ಜಾಸ್ತಿಯಾದರೆ ಕಿವಿಗೆ ಪೆಟ್ಟು, ಬ್ಯಾಟರಿಯೂ ಬೇಗ ಖಾಲಿ. ನೋಡಿ, ಬೇಸ್ ಇಲ್ಲ, ಗದ್ದಲ ಜಾಸ್ತಿ, ಕಿವಿ ನೋವು, ಬ್ಯಾಟರಿ ನಿಲ್ಲಲ್ಲ ಅನ್ನುವ ನಾಲ್ಕು ದೂರಿಗೂ ಒಂದೇ ಸಂದಿ ಕಾರಣ ಆಗಿರಬಹುದು.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ಬುಶ್ ಕೊಟ್ಟಿರುತ್ತಾರೆ. ಕಂಪನಿಯವರು ಮಧ್ಯಮದ್ದನ್ನು ಸಿಕ್ಕಿಸಿ ಕಳಿಸುತ್ತಾರೆ. ಹೆಚ್ಚಿನವರು ಉಳಿದ ಎರಡನ್ನು ಮುಟ್ಟುವುದೇ ಇಲ್ಲ. ಪೆಟ್ಟಿಗೆಯ ಜೊತೆಗೆ ಕಸಕ್ಕೆ ಹಾಕಿದವರನ್ನೂ ಕಂಡಿದ್ದೇನೆ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿಯಿರಿ. ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ಕಿವಿಯ ನಾಳ ಸ್ವಲ್ಪ ನೆಟ್ಟಗಾಗುತ್ತದೆ. ಈಗ ಇಯರ್‌ಫೋನನ್ನು ಮೆಲ್ಲಗೆ ತಿರುಗಿಸುತ್ತ ಒಳಗೆ ಕೂರಿಸಿ, ಕಿವಿ ಬಿಡಿ. ಎಡಗಿವಿಗೆ ಇದೇ ಕ್ರಮ, ಕೈ ಬದಲು.

ಸರಿಯಾಗಿ ಕೂತಿತಾ ಅಂತ ನೋಡಲು ಹಾಡು ಹಾಕದೆ ಒಂದು ಮಾತಾಡಿ. ನಿಮ್ಮ ದನಿಯೇ ನಿಮಗೆ ಹಂಡೆಯೊಳಗಿನಿಂದ ಬಂದ ಹಾಗೆ ಕೇಳಿದರೆ ಮುಚ್ಚಿದೆ ಅಂತ. ಆಮೇಲೆ ಬೇಸ್ ಇರುವ ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ದಿಢೀರನೆ ತುಂಬಿ ಬಂದು, ಬಿಟ್ಟಾಗ ಹೋದರೆ ಆ ಬುಶ್ ನಿಮಗೆ ಸಣ್ಣದಾಯಿತು. ಒಂದು ಸೈಜು ದೊಡ್ಡದು ಹಾಕಿ. ಹದಿನೈದು ನಿಮಿಷಕ್ಕೇ ಕಿವಿ ಬಿಗಿದು ನೋಯುತ್ತಿದ್ದರೆ ಒಂದು ಸೈಜು ಸಣ್ಣದು. ಎರಡು ಕಿವಿಗೂ ಒಂದೇ ಸೈಜು ಇರಬೇಕು ಅಂತ ಎಲ್ಲೂ ಬರೆದಿಲ್ಲ. ನನ್ನ ಬಲಗಿವಿಗೆ ದೊಡ್ಡದು, ಎಡಗಿವಿಗೆ ಮಧ್ಯಮ. ಇದು ಗೊತ್ತಾಗಲು ನನಗೆ ನಾಲ್ಕು ಇಯರ್‌ಫೋನ್ ಬೇಕಾಯಿತು. ಕೂರಲಿಲ್ಲ ಅಂತ ಬಿಟ್ಟ ಆ ಎರಡಕ್ಕೂ ಬುಶ್ ಬದಲಿಸಿ ನೋಡಿದ್ದರೆ ಸಾಕಿತ್ತೋ ಏನೋ. ಯಾರಿಗೋ ಕೊಟ್ಟುಬಿಟ್ಟಿದ್ದೆ.

ಮೂರು ಸೈಜೂ ಒಗ್ಗದವರಿಗೆ ಫೋಮ್ ಬುಶ್ ಇದೆ. ಸ್ಪಂಜಿನ ಥರ. ಬೆರಳಿನಲ್ಲಿ ಹಿಚುಕಿ ಒಳಗೆ ಹಾಕಿದರೆ ನಿಧಾನಕ್ಕೆ ಉಬ್ಬಿ ಕಿವಿಯ ಆಕಾರಕ್ಕೆ ತುಂಬಿಕೊಳ್ಳುತ್ತದೆ. ಬಸ್ಸಿನ ಗದ್ದಲಕ್ಕೆ ಇದು ರಬ್ಬರಿಗಿಂತ ಚೆನ್ನಾಗಿ ಅಡ್ಡ ನಿಲ್ಲುತ್ತದೆ. ಆದರೆ ಕೆಲವೇ ತಿಂಗಳಿಗೆ ಜಿಗುಟಾಗಿ ಹರಿಯುತ್ತದೆ. ನಮ್ಮ ತೇವಕ್ಕೆ ಇನ್ನೂ ಬೇಗ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ದಿನವಂತೂ ಯಾವ ಬುಶ್ ಆದರೂ ಜಾರುತ್ತದೆ, ಅದಕ್ಕೆ ಔಷಧ ಇಲ್ಲ.

ವೈರ್ ಇಯರ್‌ಫೋನ್ ಆದರೆ ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಬಳಸಿ ತರುವಂಥದ್ದು ನೋಡಿ. ಕೆಳಗೆ ಜೋತುಬಿದ್ದ ವೈರ್ ಅಂಗಿಗೆ ತಾಗಿದಾಗೆಲ್ಲ ಕರಕರ ಸದ್ದು ಕಿವಿಗೆ ಬರುತ್ತದೆ. ಕಿವಿ ಚೆನ್ನಾಗಿ ಮುಚ್ಚಿದಷ್ಟೂ ಈ ಕರಕರ ಜಾಸ್ತಿ. ಮೇಲಿಂದ ತಂದರೆ ಬಹಳ ಕಡಿಮೆಯಾಗುತ್ತದೆ, ಬಸ್ ಕುಲುಕಿದರೂ ಬೀಳುವುದಿಲ್ಲ.

ಹಂತ 5: ಪೆಟ್ಟಿಗೆಯ ಮೇಲಿನ ಬರಹ ಓದುವುದು

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದನ್ನು ಬಿಟ್ಟು ಸಣ್ಣ ಅಕ್ಷರ ಓದಿ. 13 ಎಂಎಂ ಡ್ರೈವರ್ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಸೌಂಡ್ ಹೊರಡಿಸುವ ತೆಳು ಪರದೆಯ ಅಗಲ ಅದು. ಅಗಲ ಜಾಸ್ತಿ ಇದ್ದರೆ ಸೌಂಡ್ ಒಳ್ಳೆಯದು ಅಂತಲ್ಲ. 6 ಎಂಎಂನದ್ದು 13ರದ್ದನ್ನು ಮೀರಿಸುವುದುಂಟು. ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಅಂತ ಬರೆದಿದ್ದರೆ 16ರಿಂದ 32ರ ಒಳಗೆ ಇದೆಯಾ ನೋಡಿ, ಸಾಕು. ಯಾವ ಫೋನಾದರೂ ಅದನ್ನು ಆಡಿಸುತ್ತದೆ. ಬ್ಲೂಟೂತ್ 5.3, 5.4 ಅನ್ನುವ ನಂಬರಿನಿಂದ ಸೌಂಡ್ ಅಳೆಯಬೇಡಿ. ಎಂಆರ್‌ಪಿ 4,990, ನಮ್ಮಲ್ಲಿ 1,199 ಅಂತ ಇದ್ದರೆ ಅದು 1,199ರ ವಸ್ತು ಅಂತ ತಿಳಿಯಿರಿ.

ಎಎನ್‌ಸಿ, ಇಎನ್‌ಸಿ ಅನ್ನುವ ಎರಡು ಪದ ಮಾತ್ರ ಚೆನ್ನಾಗಿ ನೆನಪಿಡಿ. ಒಂದೇ ಅಕ್ಷರದ ವ್ಯತ್ಯಾಸ, ಅರ್ಥ ತದ್ವಿರುದ್ಧ. ಹೊರಗಿನ ಗದ್ದಲ ನಿಮ್ಮ ಕಿವಿಗೆ ಬರದ ಹಾಗೆ ಮಾಡುವುದು ಎಎನ್‌ಸಿ. ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಹೋಗದ ಹಾಗೆ ಮಾಡುವುದು ಇಎನ್‌ಸಿ. ಅಂಗಡಿಯ ಹುಡುಗನಿಗೆ “ನಾಯ್ಸ್ ಕ್ಯಾನ್ಸಲ್ ಇದೆಯಾ?” ಅಂತ ಕೇಳಿದರೆ ಎರಡಕ್ಕೂ “ಇದೆ ಸಾರ್” ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ನೀವು ಕೇಳಿದ್ದು ಅರ್ಧ.

ಎಎನ್‌ಸಿ ಕೆಲಸ ಮಾಡುವ ಬಗೆಯೂ ಗೊತ್ತಿರಲಿ. ಒಂದು ಸಣ್ಣ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ. ಚಿಪ್ ಅದರ ಉಲ್ಟಾ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಸೇರಿ ಸದ್ದು ಇಳಿಯುತ್ತದೆ. ಒಂದೇ ಸಮನೆ ಗುಂಯ್ ಅನ್ನುವ ತಗ್ಗಿನ ಸದ್ದಿಗೆ ಇದು ಭಲೇ. ಬಸ್ಸಿನ ಇಂಜಿನ್, ಎಟಿಆರ್‌ನಂಥ ಸಣ್ಣ ವಿಮಾನದ ಪ್ರೊಪೆಲ್ಲರ್, ಎಸಿ. ಆದರೆ ಹಾರ್ನು, ಕಂಡಕ್ಟರನ ಸೀಟಿ, ಹಿಂದಿನ ಸೀಟಿನ ಮಗುವಿನ ಅಳು ಇದಕ್ಕೆ ಬಗ್ಗುವುದಿಲ್ಲ. ರಬ್ಬರ್ ಬುಶ್ ಚೆನ್ನಾಗಿ ತಡೆಯುವುದು ಅಂಥ ಏರು ಸದ್ದನ್ನೇ. ಬುಶ್ ಸರಿಯಾಗಿ ಕೂರದೆ ಎಎನ್‌ಸಿ ಹಾಕಿದರೆ ಮಾಡಿಗೆ ಹೆಂಚು ಹೊದಿಸದೆ ಕಿಟಕಿಗೆ ಪರದೆ ಹಾಕಿದ ಹಾಗೆ. ಸಾವಿರದ ಆಸುಪಾಸಿನ ಬಡ್ಸಿನಲ್ಲಿ ಎಎನ್‌ಸಿ ಅಂತ ಬರೆದಿದ್ದರೂ ಹೆಚ್ಚು ನಿರೀಕ್ಷೆ ಬೇಡ. ಎರಡು, ಎರಡೂವರೆ ಸಾವಿರದಿಂದ ಮೇಲೆ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ.

ಇನ್ನು ನೀರು. ಐಪಿಎಕ್ಸ್4 ಅಂದರೆ ಸುತ್ತಲಿಂದ ಎರಚಿದ ಹನಿಗೆ ತಡೆ. ಐಪಿಎಕ್ಸ್5 ಅಂದರೆ ಚಿಮ್ಮುವ ನೀರಿಗೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ನಡುವಿನ ಎಕ್ಸ್ ಅಂದರೆ ದೂಳಿನ ಪರೀಕ್ಷೆಯ ಲೆಕ್ಕ ಕೊಟ್ಟಿಲ್ಲ ಅಂತ. ಶಿವಮೊಗ್ಗದ ಬೆವರಿಗೆ ನಾಲ್ಕು ಸಾಕು. ಮಳೆ ಜೋರಿರುವ ತೀರ್ಥಹಳ್ಳಿ, ಹೊಸನಗರದ ಕಡೆಯವರು ಐದಕ್ಕಿಂತ ಕಡಿಮೆಯದನ್ನು ನೋಡಲೇಬೇಡಿ. ಈ ನಂಬರು ಸಾಮಾನ್ಯವಾಗಿ ಬಡ್ಸಿಗೆ ಮಾತ್ರ, ಡಬ್ಬಿಗಲ್ಲ.

ವೈರ್‌ಲೆಸ್ ಇಯರ್‌ಫೋನಿಗೆ ನಮ್ಮ ದೇಶದಲ್ಲಿ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ಆ ಗುರುತಿನ ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಕಿವಿಗೆ ಬ್ಯಾಟರಿ ಸಿಕ್ಕಿಸಿಕೊಳ್ಳುತ್ತಿದ್ದೇವೆ, ಒಂದು ನಿಮಿಷ ನೋಡಿದರೆ ನಷ್ಟ ಇಲ್ಲ.

ಎಸ್‌ಬಿಸಿ, ಎಎಸಿ, ಎಲ್‌ಡಿಎಸಿ ಅಂತ ಇನ್ನೊಂದಿಷ್ಟು ಹೆಸರು ಬರುತ್ತವೆ. ಬ್ಲೂಟೂತಿನಲ್ಲಿ ಹಾಡನ್ನು ಹಿಂಡಿ ಕಳಿಸುವ ಬಗೆಗಳು ಅವು. ಐಫೋನ್ ಇದ್ದವರು ಎಎಸಿ ಇದೆಯಾ ನೋಡಿಕೊಳ್ಳಿ. ಉಳಿದವರು ಈ ಬೆಲೆಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಆನ್‌ಲೈನ್ ಕ್ಲಾಸಿನವರಿಗೆ ಮಾತ್ರ ಒಂದು ಗುಟ್ಟು. ಬ್ಲೂಟೂತಿನಲ್ಲಿ ಮೈಕ್ ಚಾಲು ಆದ ತಕ್ಷಣ ಕೇಳುವ ಸೌಂಡೂ ಹಳೇ ಟೆಲಿಫೋನಿನ ಥರ ಆಗುತ್ತದೆ. ಕೆಟ್ಟಿಲ್ಲ, ಹೆಚ್ಚಿನವು ಇರುವುದೇ ಹಾಗೆ. ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಂಡರೆ ಸೌಂಡ್ ಸರಿಹೋಗುತ್ತದೆ.

ಹಂತ 6: ಎಷ್ಟು ದುಡ್ಡಿಗೆ ಏನು?

ಬೆಲೆ ವಾರಕ್ಕೊಮ್ಮೆ ಏರಿಳಿಯುತ್ತದೆ. ಅಂದಾಜು ಮಾತ್ರ ಹೇಳುತ್ತೇನೆ. ನಾಲ್ಕು ನೂರರಿಂದ ಆರು ನೂರರಲ್ಲಿ ಬೋಟ್, ರಿಯಲ್‌ಮಿಯಂಥ ಹೆಸರಿನ ವೈರ್ ಇಯರ್‌ಫೋನ್ ಬರುತ್ತವೆ. ಬೇಸ್ ಜಾಸ್ತಿ, ಮೈಕ್ ಇದೆ, ಒಂದು ವರ್ಷ ಆಡಿಸಬಹುದು. ಹೆಸರೇ ಇಲ್ಲದ ನೂರೈವತ್ತರದ್ದಕ್ಕಿಂತ ಸಾವಿರ ಪಾಲು ಮೇಲು.

ನನ್ನ ಪ್ರಕಾರ ನಿಜವಾದ ಲಾಭ ಇರುವುದು ಎಂಟು ನೂರರಿಂದ ಎರಡು ಸಾವಿರದ ನಡುವೆ, ವೈರಿನಲ್ಲಿ. ಚೈಫೈ ಅಂತ ಕರೆಯುವ ಚೀನಾದ ಸಣ್ಣ ಕಂಪನಿಗಳು ಇಲ್ಲಿ ಆಟವನ್ನೇ ಬದಲಾಯಿಸಿದವು. ಕೆಝೆಡ್ ಇಡಿಎಕ್ಸ್ ಪ್ರೋ ಸಾವಿರದ ಒಳಗೆ ಸಿಗುತ್ತದೆ, ಬೇಸ್ ಬೇಕು ಅನ್ನುವವರಿಗೆ ಒಗ್ಗುತ್ತದೆ. ಮೂನ್‌ಡ್ರಾಪ್ ಚೂ 2, ಸೆವೆನ್‌ಹರ್ಟ್ಜ್ ಸಾಲ್‌ನೋಟ್ಸ್ ಝೀರೋ, ಇವು ಎರಡು ಸಾವಿರದ ಆಸುಪಾಸು. ದನಿ, ವೀಣೆ, ಕೊಳಲು ಇಷ್ಟವಾದವರು ಇವನ್ನು ಕೇಳಿ ನೋಡಿ. ಮೂರರಲ್ಲೂ ವೈರ್ ಬಿಚ್ಚಿ ಬರುತ್ತದೆ. ಕೊಳ್ಳುವಾಗ ಮೈಕ್ ಇರುವುದು, ಇಲ್ಲದಿರುವುದು ಎರಡೂ ಇರುತ್ತವೆ. ನೂರಿನ್ನೂರು ಉಳಿಸಲು ಮೈಕ್ ಇಲ್ಲದ್ದನ್ನು ತಂದು ಆಮೇಲೆ ಪೇಚಾಡಬೇಡಿ.

ನೆಕ್‌ಬ್ಯಾಂಡಿಗೆ ಸಾವಿರದಿಂದ ಒಂದೂವರೆ ಸಾವಿರ, ಬಡ್ಸಿಗೆ ಒಂದೂವರೆಯಿಂದ ಎರಡೂವರೆ. ಅದಕ್ಕಿಂತ ಕೆಳಗೆ ಇಳಿದರೆ ಮೊದಲು ಸಾಯುವುದು ಬ್ಯಾಟರಿ.

ಶಿವಮೊಗ್ಗದ ದುರ್ಗಿಗುಡಿ, ನೆಹರು ರಸ್ತೆಯ ಅಂಗಡಿಗಳಲ್ಲಿ ಚೈಫೈ ಸಿಗುವುದು ಕಷ್ಟ, ಆನ್‌ಲೈನೇ ದಾರಿ. ತರಿಸುವ ಮೊದಲು ವಾಪಸ್ಸಿನ ನಿಯಮ ಓದಿ. ಕಿವಿಯೊಳಗೆ ಹಾಕುವ ವಸ್ತು ಆದ್ದರಿಂದ ಇಷ್ಟವಾಗಲಿಲ್ಲ ಅಂದರೆ ಹೆಚ್ಚಿನವರು ದುಡ್ಡು ಕೊಡುವುದಿಲ್ಲ, ಕೆಟ್ಟಿದ್ದರೆ ಮಾತ್ರ ಬದಲಿ. ನೆಕ್‌ಬ್ಯಾಂಡ್, ಬಡ್ಸ್ ಆದರೆ ಊರಿನ ಅಂಗಡಿಯೇ ವಾಸಿ. ಬಿಲ್ ಕೇಳಿ ಇಸಿದುಕೊಳ್ಳಿ. ಕೆಟ್ಟರೆ ನೀವೇ ಕೊರಿಯರ್ ಮಾಡಬೇಕಾ, ಅಂಗಡಿಯವರು ಕಳಿಸುತ್ತಾರಾ ಅಂತ ಆವತ್ತೇ ಕೇಳಿ.

ಹಂತ 7: ಕೇಳಿ ನೋಡುವುದು

ಅಂಗಡಿಯವರು ಹಾಕುವ ಢಂ ಢಂ ಹಾಡು ಬಿಡಿ. ಅದು ಎಲ್ಲದರಲ್ಲೂ ಚೆನ್ನಾಗಿ ಕೇಳುತ್ತದೆ. ನಿಮ್ಮ ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಂಡ, ನೂರು ಸಲ ಕೇಳಿದ ಹಾಡನ್ನೇ ಹಾಕಿ.

ನನ್ನ ಪರೀಕ್ಷೆ ಯಕ್ಷಗಾನ. ನಗಬೇಡಿ. ಚೆಂಡೆಯ ಪೆಟ್ಟು ಇಯರ್‌ಫೋನಿನ ಬಣ್ಣ ಬಯಲು ಮಾಡುತ್ತದೆ. ಕಳಪೆಯದರಲ್ಲಿ ಚೆಂಡೆ ತಲೆಗೆ ಚುಚ್ಚುತ್ತದೆ, ಐದು ನಿಮಿಷಕ್ಕೆ ಸಾಕಾಗುತ್ತದೆ. ಬೇಸ್ ವಿಪರೀತ ಇರುವುದರಲ್ಲಿ ಮದ್ದಲೆ ಊದಿಕೊಂಡು ಭಾಗವತರ ದನಿಯನ್ನೇ ನುಂಗುತ್ತದೆ. ಒಳ್ಳೆಯದರಲ್ಲಿ ಮೂರೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತವೆ. ತಾಳದ ಸಣ್ಣ ಕಿಣಿಕಿಣಿ ಕೊನೆಯವರೆಗೂ ಕೇಳುತ್ತದೆ. ಆಮೇಲೆ ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಒಂದು ಭಾವಗೀತೆ. ಆ ಗಟ್ಟಿ ಗಂಡುದನಿ ಎದುರಿಗೆ ಕೂತು ಹಾಡಿದ ಹಾಗೆ ಕೇಳಬೇಕು. ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿದರೆ ಬೇಡ.

ಅಂಗಡಿಯಲ್ಲಿ ಹಾಕಿ ನೋಡಲು ಬಿಡದಿದ್ದರೆ ಅವರದು ತಪ್ಪಲ್ಲ, ಒಬ್ಬರ ಕಿವಿಯದ್ದು ಇನ್ನೊಬ್ಬರಿಗೆ ಬೇಡ. ಗೆಳೆಯರ ಹತ್ತಿರ ಇದ್ದರೆ ನಿಮ್ಮದೇ ಬುಶ್ ಹಾಕಿ ಅರ್ಧ ದಿನ ಕೇಳಿ.

ಹಂತ 8: ಬಸ್ಸಿನಲ್ಲಿ ಸೌಂಡ್ ಎಷ್ಟಿರಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ. 80 ಡೆಸಿಬೆಲ್ ಸೌಂಡನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90 ಮುಟ್ಟಿತೋ, ವಾರಕ್ಕೆ 4 ಗಂಟೆ. ನನ್ನ ಹಾಗೆ ದಿನಾ ಸಾಗರಕ್ಕೆ ಹೋಗಿ ಬರುವವರು ಆ ನಾಲ್ಕು ಗಂಟೆಯನ್ನು ಸೋಮವಾರವೇ ಮುಗಿಸಿಬಿಡುತ್ತಾರೆ.

ಡೆಸಿಬೆಲ್ ಅಳೆಯುವುದು ಹೇಗೆ? ಬೇಡ. ಮನೆಯಲ್ಲಿ ಸದ್ದಿಲ್ಲದ ಕಡೆ ಕೂತು ಹಿತವಾಗುವಷ್ಟು ಸೌಂಡ್ ಇಟ್ಟು, ಎಷ್ಟು ಗೆರೆ ಅಂತ ನೋಡಿಕೊಳ್ಳಿ. ಬಸ್ಸಿನಲ್ಲಿ ಅದಕ್ಕಿಂತ ಎರಡು ಮೂರು ಗೆರೆಗಿಂತ ಜಾಸ್ತಿ ಬೇಕಾಗುತ್ತಿದ್ದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ, ಬುಶ್ ಬದಲಿಸಿ. ಒಟ್ಟು ಸೌಂಡಿನ ಶೇಕಡಾ 60 ದಾಟಬೇಡಿ. ಐಫೋನಿನಲ್ಲೂ ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಇದಕ್ಕೆ ಮಿತಿ ಹಾಕುವ ಸೆಟಿಂಗ್ ಇದೆ. ಮಕ್ಕಳ ಫೋನಿನಲ್ಲಿ ನೀವೇ ಹಾಕಿಕೊಡಿ.

ಚೋರಡಿ ದಾಟಿ ಕಾಡು ಸಿಕ್ಕಿದ ಮೇಲೆ ನನ್ನ ಫೋನಿಗೆ ನೆಟ್‌ವರ್ಕ್ ಬರುವುದು ಹೋಗುವುದು ಮಾಡುತ್ತದೆ. ಹಾಡು ರಾತ್ರಿಯೇ ಇಳಿಸಿಟ್ಟುಕೊಳ್ಳಿ.

ಬೈಕಿನಲ್ಲಿ ಬೇಡ, ಒಂದು ಕಿವಿಗೂ ಬೇಡ. ತೋಟದ ದಾರಿಯಲ್ಲಿ, ಕಾಡಿನ ಅಂಚಿನಲ್ಲಿ ನಡೆಯುವಾಗ ಒಂದು ಕಿವಿ ಖಾಲಿ ಇರಲಿ. ಕಾಟಿ (ಕಾಡುಕೋಣ) ಹಾರ್ನ್ ಹೊಡೆದು ಬರುವುದಿಲ್ಲ. ಕಳೆ ಕೊಚ್ಚುವ ಮಿಷನ್ ಹಿಡಿದು ಇಯರ್‌ಫೋನ್ ಹಾಕಿಕೊಳ್ಳುವ ಹುಡುಗರನ್ನು ನೋಡುತ್ತಿರುತ್ತೇನೆ. ಆ ಮಿಷನ್ನಿನ ಸದ್ದೇ 90 ಡೆಸಿಬೆಲ್ ದಾಟುತ್ತದೆ, ಅದರ ಮೇಲೆ ಹಾಡು ಕೇಳಬೇಕಾದರೆ ಸೌಂಡ್ ಎಷ್ಟಿಡಬೇಕು ಲೆಕ್ಕ ಹಾಕಿ. ಅಲ್ಲಿ ಬೇಕಾದ್ದು ಕಿವಿ ಮುಚ್ಚುವ ಇಯರ್‌ಮಫ್, ಹಾಡಲ್ಲ.

ಹಂತ 9: ಮಳೆಗಾಲದಲ್ಲಿ ಉಳಿಸಿಕೊಳ್ಳುವುದು

ಮಲೆನಾಡಿನ ಮಳೆಗಾಲದಲ್ಲಿ ಒದ್ದೆಯಾದದ್ದು ಏನಿದ್ದರೂ ಬಚ್ಚಲ ಒಲೆಯ ಮೇಲೆ ಒಣಗುತ್ತದೆ. ಅಂಗಿ, ಕಾಲುಚೀಲ, ಶಾಲೆಯ ಬ್ಯಾಗು. ಇಯರ್‌ಫೋನ್ ಮಾತ್ರ ಅಲ್ಲಿಡಬೇಡಿ. ಬಿಸಿಗೆ ಬ್ಯಾಟರಿ ಕೆಡುತ್ತದೆ, ಅಂಟು ಬಿಡುತ್ತದೆ, ಹೊಗೆ ಜಾಲರಿಗೆ ಕೂರುತ್ತದೆ. ನನ್ನ ನೆಕ್‌ಬ್ಯಾಂಡನ್ನು ಮಳೆ ಅರ್ಧ ಕೊಂದಿತ್ತು, ಉಳಿದರ್ಧ ಒಲೆ ಮುಗಿಸಿತು. ಅಕ್ಕಿ ಡಬ್ಬವೂ ಬೇಡ, ಅಕ್ಕಿಯ ಹುಡಿ ಜಾಲರಿಗೆ ಹೋಗುತ್ತದೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಇಟ್ಟುಕೊಳ್ಳಿ. ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಎರಡು ಪೊಟ್ಟಣ ಹಾಕಿ, ಇಯರ್‌ಫೋನ್ ಅದರೊಳಗೆ ರಾತ್ರಿಯಿಡೀ ಇರಲಿ.

ಒದ್ದೆ ಬಡ್ಸನ್ನು ಒರೆಸದೆ ಚಾರ್ಜಿಂಗ್ ಡಬ್ಬಿಗೆ ಹಾಕಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಒಂದು ಬಡ್ ಚಾರ್ಜೇ ಆಗುತ್ತಿಲ್ಲ ಅನ್ನುವವರು ಮೊದಲು ಆ ಪಿನ್ ನೋಡಿ. ಒಣ ಹತ್ತಿಯ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಒಂದು ಕಡೆ ಸೌಂಡ್ ಕಡಿಮೆ ಆಯಿತು ಅಂದರೆ ಬಹಳ ಸಲ ಕಾರಣ ಕಿವಿಯ ಗುಗ್ಗೆ. ಬುಶ್ ತೆಗೆದು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಇಯರ್‌ಫೋನಿನ ಜಾಲರಿಯನ್ನು ನೆಲದ ಕಡೆ ಮುಖ ಮಾಡಿ ಹಿಡಿದು ಒಣ ಮೆತ್ತನೆ ಬ್ರಶ್ಶಿನಿಂದ ಉಜ್ಜಿ. ಮೇಲ್ಮುಖ ಹಿಡಿದರೆ ಕಸ ಒಳಗೇ ಇಳಿಯುತ್ತದೆ. ಪಿನ್ನು ಸೂಜಿ ಚುಚ್ಚಬೇಡಿ. ತಲೆಸ್ನಾನ ಮಾಡಿ ಕಿವಿ ಹಸಿ ಇರುವಾಗ ಹಾಕಿಕೊಳ್ಳಬೇಡಿ, ಈ ತೇವಕ್ಕೆ ಕಿವಿಯೊಳಗೆ ಬೂಷ್ಟು ಬರುವುದು ಸುಲಭ. ತುರಿಕೆ, ಸೋರಿಕೆ ಶುರುವಾದರೆ ಎಣ್ಣೆ ಬಿಟ್ಟುಕೊಳ್ಳದೆ ಡಾಕ್ಟರ ಹತ್ತಿರ ಹೋಗಿ, ವಾಸಿಯಾಗುವವರೆಗೆ ಇಯರ್‌ಫೋನ್ ಬೇಡ.

ವೈರನ್ನು ಫೋನಿಗೆ ಬಿಗಿಯಾಗಿ ಸುತ್ತುವ ಅಭ್ಯಾಸ ಬಿಡಿ. ನಾಲ್ಕು ಬೆರಳಿಗೆ ಸಡಿಲವಾಗಿ ಸುತ್ತಿ ಚೀಲಕ್ಕೆ ಹಾಕಿ. ಅದೇ ಚೀಲದಲ್ಲಿ ಎರಡು ಬುಶ್ ಜಾಸ್ತಿ ಇರಲಿ. ಬುಶ್ ಕಳೆದುಹೋಗುವುದು ಇಯರ್‌ಫೋನ್ ಕಳೆದುಹೋಗುವುದಕ್ಕಿಂತ ಸುಲಭ.

ಅಕ್ಕನ ಮಗ ಕೊನೆಗೆ ವೈರಿನದೇ ಕೊಂಡ. ಮೊನ್ನೆ ಯಶವಂತಪುರದಲ್ಲಿ ರೈಲು ಹತ್ತುವ ನೂಕುನುಗ್ಗಲಿನಲ್ಲಿ ಒಂದು ಬುಶ್ ಬಿದ್ದುಹೋಯಿತಂತೆ. “ಮಾವ, ಶಿವಮೊಗ್ಗದಲ್ಲಿ ಸಿಗುತ್ತಾ? ಮಧ್ಯಮ ಸೈಜು” ಅಂತ ಫೋನ್ ಮಾಡಿದ.

“ಎಡಗಿವಿಯದ್ದಾ, ಬಲಗಿವಿಯದ್ದಾ?” ಅಂತ ಕೇಳಿದೆ.

“ಬಲದ್ದು ಮಾವ. ಎಡಕ್ಕೆ ಸಣ್ಣದು.”